ಕಾಯಿ ಒಳಗೆ, ನಾನು ಹೊರಗೆ

ನನ್ನ ಮಗಳಿಗೆ ಉಬ್ಬಸ. ಇದನ್ನು ಮೊದಲಿಗೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಗಂಡನ ಮನೆಯವರ ಮೇಲೆ ಸಿಟ್ಟು ತೀರಿಸಿಕೊಳ್ಳಲು ಬರೆದ ಹಾಗೆ ಕಾಣುತ್ತದೆ. ಸಿಟ್ಟು ಇದೆ, ಇಲ್ಲವೆನ್ನುವುದಿಲ್ಲ. ಮೂಗಿನ ತುದಿಯಲ್ಲೇ ಇದೆ ಎಂದು ನನ್ನ ವಿದ್ಯಾರ್ಥಿಗಳೇ ಆಡಿಕೊಳ್ಳುತ್ತಾರೆ. ಆದರೆ ಆ ದಿನ ನನಗೆ ಸಿಟ್ಟು ಮಾಡಿಕೊಳ್ಳಲೂ ಪುರುಸೊತ್ತಿರಲಿಲ್ಲ. ಉಸಿರು ಕಟ್ಟಿದಾಗ ಅವಳಿಗೆ ಕೊಡುವ ನೀಲಿ ಪಂಪು ನನ್ನ ಕೈಯಲ್ಲಿತ್ತು. ಅವಳು ಕೋಟೆಯ ಒಳಗಿದ್ದಳು. ನಡುವೆ ಒಂದು ಬಾಗಿಲು. ಅದಕ್ಕೆ ಅಗುಳಿ ಹಾಕಿದವರು ನನ್ನ ಗಂಡ.

ನಾನು ಅರಸೀಕೆರೆ ಪೇಟೆಯವಳು, ರೈಲಿನ ಸದ್ದು ಕೇಳದಿದ್ದರೆ ನಿದ್ದೆ ಬಾರದ ಮನೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದ ಊರು ಅರಸೀಕೆರೆಗೂ ಹಳೇಬೀಡಿಗೂ ನಡುವೆ, ಬಸ್ಸಿನ ರಸ್ತೆಯಿಂದ ಒಳಗೆ, ಒಂದು ಬೋಳು ಗುಡ್ಡದ ಬುಡದಲ್ಲಿದೆ. ಊರ ಸುತ್ತ ತೆಂಗು. ಗುಡ್ಡದ ನೆತ್ತಿಯಲ್ಲಿ ಕೋಟೆ, ಕೋಟೆಯೊಳಗೆ ಈಶ್ವರನ ಗುಡಿ, ಬಾಗಿಲ ಪಕ್ಕದ ಗೂಡಿನಲ್ಲಿ ಅಮ್ಮನ ಕಲ್ಲು. ಅಮ್ಮ ಅಂದರೆ ಮಾರಿ. ಈಶ್ವರ ಆಮೇಲೆ ಬಂದವನು, ಅಮ್ಮ ಮೊದಲಿಂದ ಇದ್ದವಳು ಎಂದು ಅತ್ತೆ ಹೇಳುತ್ತಾರೆ. ಬೇಲೂರಿಗೂ ಹಳೇಬೀಡಿಗೂ ಬಸ್ಸುಗಟ್ಟಲೆ ಬರುವ ಜನ ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಯಾವ ಕಾಲದಲ್ಲೋ ಬಿದ್ದುಹೋದ ಗುಡಿಯೊಂದರ ಕಲ್ಲು ಹೊತ್ತು ತಂದು ಗೋಡೆ ಕಟ್ಟಿದ್ದಾರೆ. ಕುಣಿಯುವ ಹೆಂಗಸಿನ ವಿಗ್ರಹವೊಂದು ತಲೆಕೆಳಗಾಗಿ ಆ ಗೋಡೆಗೆ ಸೇರಿಹೋಗಿದೆ, ಗೆಜ್ಜೆಯ ಕಾಲು ಮೇಲೆ, ಮುಖ ಮಣ್ಣಿನ ಕಡೆ. ಮದುವೆಯಾದ ಹೊಸದರಲ್ಲಿ ಅದನ್ನು ನೋಡಿ ನಾನು ನಕ್ಕಿದ್ದೆ.

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವುದು ನನ್ನ ಕೆಲಸ. ಪ್ರಾಚೀನ ಗ್ರೀಸಿನ ಪಾಠ ಬಂದಾಗ ನನಗೆ ನಕಾಶೆ ಬೇಡ, ಚಿತ್ರಪಟ ಬೇಡ. ಕಿಟಕಿಯಾಚೆ ಕೈ ತೋರಿಸುತ್ತೇನೆ. "ಅಕ್ರೊಪೊಲಿಸ್ ಅಂದ್ರೆ ಹೆದರಬೇಡಿ, ಎತ್ತರದ ಊರು ಅಂತ ಅಷ್ಟೇ. ಗುಡ್ಡ, ಗುಡ್ಡಕ್ಕೊಂದು ಗೋಡೆ, ಗೋಡೆಯೊಳಗೆ ದೇವರು. ವೈರಿ ಬಂದಾಗ ಜನ ದನಕರು ಹೊಡ್ಕೊಂಡು ಹತ್ತಿ, ದೇವರ ಪಕ್ಕದಲ್ಲೇ ಬಾಗಿಲು ಹಾಕ್ಕೊಂಡು ಕೂರ್ತಿದ್ರು. ಆಮೇಲೆ ರೋಮಿನವರು ಬಂದ್ರು. ಗುಡ್ಡ ಅದೇ, ಗೋಡೆ ಅದೇ, ದೇವರ ಹೆಸರು ಮಾತ್ರ ಬೇರೆ." ಅಂಥ ಗುಡಿಯ ಆವರಣ ಹೊಕ್ಕವನನ್ನು, ಅವನು ಎಂಥ ತಪ್ಪು ಮಾಡಿ ಓಡಿಬಂದಿದ್ದರೂ, ಕೈಹಿಡಿದು ಹೊರಗೆಳೆಯುವಂತಿರಲಿಲ್ಲ ಎಂದೂ ಹೇಳುತ್ತೇನೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಹೊರಗಡೇನೇ ಉಳ್ಕೊಂಡೋರು ಏನ್ ಮಾಡ್ತಿದ್ರು?" ಎಂದು ಕೇಳಿದಳು. ಅದು ಪಾಠದಲ್ಲಿಲ್ಲ ಎಂದೆ. ಪರೀಕ್ಷೆಗೂ ಬರುವುದಿಲ್ಲ ಎಂದು ಸೇರಿಸಿ ಕೂರಿಸಿದೆ.

ನಮ್ಮ ಊರಿನವರು ವೈರಿ ಬರದಿದ್ದರೂ ವರ್ಷಕ್ಕೊಮ್ಮೆ ಗುಡ್ಡ ಹತ್ತುತ್ತಾರೆ. ಇದಕ್ಕೆ ಹೊರಬೀಡು ಎನ್ನುತ್ತಾರೆ. ಹಿಂದೆ ಕಾಲರಾ, ಪ್ಲೇಗು ಬಂದಾಗ ಊರು ಖಾಲಿ ಮಾಡಿ ಹೊರಗೆ ಬೀಡು ಬಿಡುತ್ತಿದ್ದರಲ್ಲ, ಅದರದೇ ಪಳೆಯುಳಿಕೆ. ಯುಗಾದಿಗೆ ಮುಂಚೆ ಒಂದು ದಿನ ಬೆಳಗ್ಗೆ ಎಲ್ಲರೂ ತಲೆಗೆ ನೀರು ಹಾಕಿಕೊಂಡು, ದನ, ಕುರಿ, ಕೋಳಿ, ನಾಯಿ ಸಮೇತ ಕೋಟೆ ಸೇರಬೇಕು. ಊರಲ್ಲಿ ಒಂದು ಒಲೆಯೂ ಉರಿಯಬಾರದು, ಒಂದು ಬಾಗಿಲೂ ಮುಚ್ಚಿರಬಾರದು. ಹೊಸ್ತಿಲ ಮೇಲೆ ಮೊರದಲ್ಲಿ ಅಕ್ಕಿ, ಬಳೆ, ಬೇವಿನ ಸೊಪ್ಪು ಇಟ್ಟು, ಒಳಗೆ ನೆಲಕ್ಕೆ ರಾಗಿ ಹಿಟ್ಟು ಎರಚಿ ಬರಬೇಕು. ಅಮ್ಮ ಮನೆಮನೆ ಹೊಕ್ಕು, ರೋಗರುಜಿನ ಗುಡಿಸಿಕೊಂಡು ಹೋಗುತ್ತಾಳೆ. ಹಿಟ್ಟಿನ ಮೇಲೆ ಹೆಜ್ಜೆ ಮೂಡಿದ್ದರೆ ಆ ಮನೆಗೆ ಬಂದಿದ್ದಳು ಎಂದು ಲೆಕ್ಕ. ಗುಡಿಯ ಮುಂದಿನ ದೀಪದ ಕಂಬದ ನೆರಳು ಬಾಗಿಲ ಮೆಟ್ಟಿಲಿಂದ ಸರಿದಾಗ ಕೋಟೆಯ ಬಾಗಿಲು ಹಾಕುತ್ತಾರೆ. ಆಮೇಲೆ ಹೊತ್ತು ಮುಳುಗುವ ತನಕ ತೆರೆಯುವಂತಿಲ್ಲ.

ಒಳಗೆ ಎಲ್ಲರೂ ಬಂದರೋ ಇಲ್ಲವೋ ಎಂದು ತಿಳಿಯುವುದಕ್ಕೆ ತೆಂಗಿನಕಾಯಿ. ತೆಂಗಿನ ಊರಲ್ಲವೇ, ಎಲ್ಲಕ್ಕೂ ಕಾಯಿ. ಬಾಗಿಲು ದಾಟುವಾಗ ತಲೆಗೊಂದು ಕಾಯಿಯನ್ನು ಅಮ್ಮನ ಗೂಡಿನ ಮುಂದೆ ಇಡಬೇಕು, ಮನೆಮನೆಯದಕ್ಕೂ ಬೇರೆ ಬೇರೆ ಗುಡ್ಡೆ. ಊರ ಯಜಮಾನರು ಅವನ್ನು ಎಣಿಸಿ, ಎಲ್ಲ ಸರಿಯಿದ್ದರೆ ತಲೆಯಾಡಿಸುತ್ತಾರೆ. ಕಾಯಿ ಇದೆ ಎಂದರೆ ಆಳು ಇದೆ. ಅದಾದ ಮೇಲೆ ಹೊರಗಿಂದ ಯಾರು ಕೂಗಿದರೂ ಓಗೊಡಬಾರದು, ಏಕೆಂದರೆ ಕೂಗಲು ಹೊರಗೆ ಯಾರೂ ಉಳಿದೇ ಇಲ್ಲವಲ್ಲ. ಕೂಗುವವಳು ಅಮ್ಮನೊಬ್ಬಳೇ. ಯಾರ ದನಿಯಲ್ಲಿ ಬೇಕಾದರೂ ಕೂಗುತ್ತಾಳಂತೆ, ಓಗೊಟ್ಟವರನ್ನು ಒಯ್ಯುತ್ತಾಳಂತೆ. ಮೊಬೈಲು ಬಂದ ಮೇಲೆ ಊರಿನವರು ಕೂತು ಮಾತಾಡಿ ಅದಕ್ಕೂ ಒಂದು ಕಟ್ಟಳೆ ಮಾಡಿದರು. ಎಲ್ಲರ ಫೋನೂ ಸ್ವಿಚ್ ಆಫ್ ಆಗಿ ಪೂಜಾರರ ಚೀಲ ಸೇರಬೇಕು, ಹೊರಗಿಂದ ಬರುವ ರಿಂಗು ಕೂಡ ಕೂಗೇ ತಾನೆ ಎಂದು.

ಇದನ್ನೆಲ್ಲ ಮಾಡುವವರು ಕಾಡುಜನರೇನಲ್ಲ. ಯಜಮಾನರು ನಿವೃತ್ತ ಎಂಜಿನಿಯರು. ನನ್ನ ಗಂಡ ಡಿಗ್ರಿ ಓದಿ ಕೊಬ್ಬರಿ ವ್ಯಾಪಾರ ನೋಡಿಕೊಳ್ಳುವವರು. ಅಗುಳಿ ಹಾಕುವ ಹಕ್ಕು ನಮ್ಮ ಮನೆಯದು, ಮಾವನವರು ಹೋದ ಮೇಲೆ ಇವರಿಗೆ ಬಂದಿತ್ತು. "ಒಂದಿನದ ಮಟ್ಟಿಗೆ ಏನ್ ಕಳ್ಕೊಂತೀಯ? ಪಿಕ್‌ನಿಕ್ ಅನ್ಕೊ" ಎನ್ನುತ್ತಿದ್ದರು ನನಗೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ನಾನೂ ವರ್ಷವರ್ಷ ಹತ್ತುತ್ತಿದ್ದೆ, ಸೊಪ್ಪುಸಾರು ಉಂಡು ಇಳಿಯುತ್ತಿದ್ದೆ.

ಆ ವರ್ಷ ಮಗಳು ಒಂದನೇ ಕ್ಲಾಸು. ಬೇಸಿಗೆ ಬೇಗ ಬಂದಿತ್ತು, ಗುಡ್ಡದ ಹುಲ್ಲೆಲ್ಲ ಒಣಗಿ ಗಾಳಿಯಲ್ಲಿ ಧೂಳು. ಬೆಳಗ್ಗೆ ಎಲ್ಲರ ಜೊತೆ ಹತ್ತಿ, ನಮ್ಮ ಮನೆಯ ಗುಡ್ಡೆಗೆ ನಾನೊಂದು ಕಾಯಿ ಇಟ್ಟು, ಅವಳ ಪುಟ್ಟ ಕೈಯಿಂದ ಒಂದು ಕಾಯಿ ಇಡಿಸಿ ಒಳಗೆ ಹೋದೆ. ಒಳಗೆ ಲೋಬಾನದ ಹೊಗೆ, ದನಗಳ ನಡುವೆ ಬೇವಿನ ಸೊಪ್ಪಿನ ಹೊಗೆ. ಸ್ವಲ್ಪ ಹೊತ್ತಿಗೆ ಅವಳು ಕೆಮ್ಮತೊಡಗಿದಳು. ಆ ಕೆಮ್ಮು ನನಗೆ ಗೊತ್ತು. ಒಣ ಕೆಮ್ಮಿನಿಂದ ಶುರುವಾಗುತ್ತದೆ, ಆಮೇಲೆ ಎದೆಯಲ್ಲಿ ಸಿಳ್ಳೆ, ಆಮೇಲೆ ಹೆಗಲು ಮೇಲೆ ಕೆಳಗೆ ಆಡುತ್ತದೆ. ಪಂಪಿಗಾಗಿ ಚೀಲಕ್ಕೆ ಕೈ ಹಾಕಿದೆ. ಇರಲಿಲ್ಲ. ತಿಂಡಿಯ ಡಬ್ಬಿ, ಟವೆಲು, ಅವಳ ಗೊಂಬೆ, ಎಲ್ಲ ಇತ್ತು.

ಅತ್ತೆ ಗುಡಿಯ ಹಿಂದೆ ಅಡುಗೆಯ ಕಡೆ ಇದ್ದರು. ನನ್ನ ಗಂಡ ದೂರದಲ್ಲಿ, ಗೋಡೆ ಕುಸಿದ ಜಾಗಕ್ಕೆ ಜಾಲಿಮುಳ್ಳು ಎಳೆದು ಮುಚ್ಚಿಸುತ್ತಿದ್ದರು. "ಪಂಪ್ ಮರ್ತೆ, ಮನೆಗೆ ಹೋಗಿ ತರ್ತೀನಿ!" ಎಂದು ಕೂಗಿದೆ. ಅವರು ಕೈ ಎತ್ತಿದರು. ಹೋಗಿ ಬಾ ಎಂದರು ಎಂದುಕೊಂಡೆ. ಅವರು ಕೈ ಎತ್ತಿದ್ದು ಹಗ್ಗ ಹಿಡಿದವನಿಗೆ, ಇನ್ನಷ್ಟು ಎಳಿ ಎಂದು. ಇದು ಆಮೇಲೆ ತಿಳಿಯಿತು. ಮದುವೆಯಾದಾಗಿಂದ ನಾನು ಹೇಳಿದ್ದನ್ನು ಅವರು ಇಷ್ಟೇ ಕಿವಿಗೆ ಹಾಕಿಕೊಂಡಿರುವುದು, ಆದರೆ ಅದುವರೆಗೆ ಅದರಿಂದ ಸಾರಿಗೆ ಉಪ್ಪು ತಪ್ಪಿತ್ತೇ ಹೊರತು ಬೇರೇನೂ ತಪ್ಪಿರಲಿಲ್ಲ.

ಮಗಳನ್ನು ನೆರಳಲ್ಲಿ ಕೂರಿಸಿ, "ಅಮ್ಮ ಈಗ ಹೋಗಿ ಈಗ ಬರ್ತೀನಿ. ಇಲ್ಲೇ ಇರು, ಓಡಬೇಡ" ಎಂದೆ. ಅವಳು ತಲೆಯಾಡಿಸಿದಳು. ಕೊನೆಯ ಮನೆಗಳವರು ದನ ಹೊಡೆದುಕೊಂಡು ಒಳನುಗ್ಗುತ್ತಿದ್ದ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದೆ ಹೊರಟೆ. ಕೋಟೆ ಬಿಟ್ಟು ಹೊರಗೆ ಹೋಗುವವರು ತಮ್ಮ ಕಾಯಿಯನ್ನೂ ತೆಗೆದುಕೊಂಡು ಹೋಗಬೇಕಂತೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹುಟ್ಟಿದಾಗಿಂದ ಗೊತ್ತಿರುವ ಸಂಗತಿಯನ್ನು ಯಾರಾದರೂ ಯಾಕೆ ಬಾಯಿಬಿಟ್ಟು ಹೇಳುತ್ತಾರೆ? ನನ್ನ ಕಾಯಿ ಗುಡ್ಡೆಯಲ್ಲೇ ಉಳಿಯಿತು.

ಇಳಿಯುವಾಗ ಏನೂ ಅನ್ನಿಸಲಿಲ್ಲ. ಊರೊಳಗೆ ಕಾಲಿಟ್ಟ ಮೇಲೆ ಶುರುವಾಯಿತು. ದಿನಾ ಓಡಾಡುವ ಬೀದಿ, ಒಂದು ನಾಯಿ ಬೊಗಳಲಿಲ್ಲ, ಒಂದು ಕರು ಕೂಗಲಿಲ್ಲ. ಎರಡೂ ಕಡೆ ಬಾಗಿಲುಗಳು ಹಾರುಹೊಡೆದು ಒಳಗಿನ ಕತ್ತಲೆ ಬೀದಿಗೆ ಕಾಣುತ್ತಿತ್ತು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ನನ್ನ ಚಪ್ಪಲಿಯ ಸದ್ದು ನನಗೇ ಜಾಸ್ತಿಯಾಗಿ, ಚಪ್ಪಲಿ ಬಿಟ್ಟು ನಡೆದೆ. ಬೆಳಗ್ಗೆ ತಲೆಗೆ ಹಾಕಿಕೊಂಡ ನೀರು ಆರಲೆಂದು ಕೂದಲು ಬಿಟ್ಟುಕೊಂಡಿದ್ದೆ, ಅದು ಗಾಳಿಗೆ ಮುಖಕ್ಕೆ ಬಡಿಯುತ್ತಿತ್ತು. ನಡುಹಗಲು.

ಮನೆಯಲ್ಲಿ ಪಂಪು ಇಡುವ ಗೂಡು ಖಾಲಿ. ಹಾಸಿಗೆ ಕೊಡವಿದೆ, ಸ್ಕೂಲ್ ಬ್ಯಾಗು ಸುರಿದೆ. ಹಿಂದಿನ ಸಂಜೆ ಅವಳು ಎದುರು ಮನೆಯ ಮಕ್ಕಳ ಜೊತೆ ಆಡುತ್ತಿದ್ದದ್ದು ನೆನಪಾಗಿ ಅಲ್ಲಿಗೆ ಓಡಿದೆ. ಮೊರ ದಾಟಿ, ಹಿಟ್ಟಿನ ಮೇಲೆ ಕಾಲಿಟ್ಟು ಒಳಗೆ ಹೋದೆ. ಅಲ್ಲಿ ಇಲ್ಲ. ಪಕ್ಕದ ಮನೆ. ಅಲ್ಲೂ ಇಲ್ಲ. ಅದರಾಚೆಯ ಮನೆಯ ಜಗಲಿಯಲ್ಲಿ ಮಕ್ಕಳು ಡಾಕ್ಟರಾಟ ಆಡಿದ್ದರು. ಗೊಂಬೆಯೊಂದನ್ನು ಮಲಗಿಸಿ, ಅದರ ಬಾಯಿಯ ಹತ್ತಿರ ನಮ್ಮ ನೀಲಿ ಪಂಪು ಇಟ್ಟಿದ್ದರು. ನಾನು ನಡೆದ ಕಡೆಯೆಲ್ಲ ಹಿಟ್ಟಿನ ಮೇಲೆ ಬರಿಗಾಲಿನ ಹೆಜ್ಜೆ ಮೂಡಿತ್ತು. ಆಮೇಲೆ ಆ ಹೆಜ್ಜೆಗಳಿಗೆ ಅರಿಸಿನ ಕುಂಕುಮ ಬಿತ್ತು. ಅದು ನನ್ನ ಪಾದ ಎಂದರೆ ಇವತ್ತಿಗೂ ನಂಬದ ಹೆಂಗಸರು ಆ ಬೀದಿಯಲ್ಲಿದ್ದಾರೆ.

ಪಂಪು ಎತ್ತಿಕೊಂಡು ಹೊರಬರುವಾಗ ಬೀದಿಯ ತುದಿಯಿಂದ ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗಾಯಿತು. ಗಾಳಿಯಿರಬೇಕು, ಸಡಿಲಾದ ತಗಡಿರಬೇಕು. ತಿರುಗಿ ನೋಡಲಿಲ್ಲ. ಓಗೊಡಲೂ ಇಲ್ಲ. ಗ್ರೀಸು ರೋಮು ಪಾಠ ಮಾಡುವ ನಾನು ತುಟಿ ಬಿಗಿದು ಓಡಿದೆ. ಅಷ್ಟರಲ್ಲಿ ಗುಡ್ಡದ ಮೇಲೆ ಜಾಗಟೆ ಮೊಳಗಿತು. ಬಾಗಿಲು ಹಾಕುತ್ತಿದ್ದರು.

ಮೇಲೆ ಬುರುಜಿನಲ್ಲಿ ಕಾವಲಿಗೆ ನಿಂತಿದ್ದವರಿಗೆ ಏನು ಕಂಡಿರಬೇಕು ಎಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಖಾಲಿ ಊರು. ಕೂದಲು ಬಿಚ್ಚಿದ ಹೆಂಗಸೊಬ್ಬಳು ಬರಿಗಾಲಲ್ಲಿ ಒಂದು ಮನೆ ಹೊಕ್ಕು ಹೊರಬರುತ್ತಾಳೆ, ಇನ್ನೊಂದು ಮನೆ ಹೊಗುತ್ತಾಳೆ. ಆಮೇಲೆ ಗುಡ್ಡದ ಕಡೆ ಓಡಿ ಬರುತ್ತಾಳೆ. ಕಾಯಿಗಳ ಲೆಕ್ಕ ಸರಿಯಿದೆ, ಯಾರೂ ಹೊರಗಿಲ್ಲ.

ನಾನು ಏದುಸಿರು ಬಿಡುತ್ತ ಮೇಲೆ ಬಂದಾಗ ಬಾಗಿಲು ಮುಚ್ಚಿತ್ತು. ದಪ್ಪ ಮರ, ಮೇಲೆ ಕಬ್ಬಿಣದ ತಗಡು. ಎರಡೂ ಕೈಯಿಂದ ಬಡಿದೆ. "ನಾನು ಕಣ್ರೀ! ಬಾಗಿಲು ತೆಗೀರಿ, ಮಗೂಗೆ ಔಷಧಿ ತಂದಿದೀನಿ!" ಒಳಗಿನ ಗದ್ದಲ ಒಂದೇ ಸಲಕ್ಕೆ ನಿಂತಿತು. ದನಗಳ ಕೊರಳಗಂಟೆ ಮಾತ್ರ ಕೇಳಿಸುತ್ತಿತ್ತು. ಮತ್ತೆ ಬಡಿದೆ. ಗಂಡನ ಹೆಸರು ಹಿಡಿದು ಕೂಗಿದೆ, ನಮ್ಮಲ್ಲಿ ಯಾರೂ ಹಾಗೆ ಕೂಗುವುದಿಲ್ಲ. ಅದೂ ನನಗೆ ವಿರುದ್ಧವೇ ಆಯಿತು. ನಮ್ಮ ಸೊಸೆ ಗಂಡನ ಹೆಸರು ಹೇಳ್ತಾಳಾ ಎಂದು ಒಳಗೆ ಯಾರೋ ಪಿಸುಗುಟ್ಟಿದ್ದು ಕೇಳಿಸಿತು.

ಬಾಗಿಲ ಅಡಿಯಲ್ಲಿ ನಾಲ್ಕು ಬೆರಳಿನಷ್ಟು ಸಂದಿ ಇದೆ, ಮಳೆಗಾಲದಲ್ಲಿ ಒಳಗಿನ ನೀರು ಹರಿದು ಹೋಗುವುದಕ್ಕೆ. ನೆಲಕ್ಕೆ ಕೆನ್ನೆಯಿಟ್ಟು ಮಲಗಿ ನೋಡಿದೆ. ಕಾಲುಗಳು ಕಂಡವು. ಎಲ್ಲ ಕಾಲುಗಳೂ ಬಾಗಿಲಿನಿಂದ ದೂರ ದೂರ ನಿಂತಿದ್ದವು. ಅವುಗಳಲ್ಲಿ ಒಂದು ಜೊತೆ ಮುಂದೆ ಬಂತು. ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿತ್ತು, ಹಿಂದಿನ ವಾರ ಕೊಬ್ಬರಿ ಮೂಟೆ ಬಿದ್ದು ಜಜ್ಜಿದ ಉಗುರು. ಅರಿಸಿನ ಹಚ್ಚಿ ಬಟ್ಟೆ ಕಟ್ಟಿದವಳು ನಾನೇ.

"ರೀ, ನಿಮ್ಮ ಕಾಲು ಕಾಣ್ತಿದೆ ನಂಗೆ. ಬಾಗಿಲು ತೆಗೀಬೇಡಿ ಬೇಕಾದ್ರೆ. ಇದನ್ನ ಮಾತ್ರ ತಗೊಳ್ಳಿ" ಎಂದೆ.

ಕಾಲು ಅಲ್ಲೇ ನಿಂತಿತ್ತು. ಇನ್ನೊಂದು ಹೆಜ್ಜೆ ಮುಂದೆ ಬರುತ್ತದೆ ಎಂದು ಕಾದೆ. ಯಜಮಾನರ ದನಿ ಕೇಳಿಸಿತು. "ಏನ್ಲಾ, ತಲೆ ಕೆಟ್ಟೈತೇನ್ಲಾ ನಿಂಗೆ? ನಿಮ್ಮನೆ ಕಾಯಿ ಲೆಕ್ಕ ಸರಿಯಾಗೈತೆ. ನಿನ್ ಹೆಂಡ್ರು ಹೆಂಗುಸ್ರ ಕಡೆ ಅವ್ಳೆ. ಹಿಂದಕ್ಕೆ ಬಾ."

ಕಪ್ಪು ಉಗುರಿನ ಕಾಲು ತಡೆಯಿತು. ಆಮೇಲೆ ಹಿಂದೆ ಸರಿದು ಉಳಿದ ಕಾಲುಗಳ ಜೊತೆ ಸೇರಿಕೊಂಡಿತು.

ಹೆಂಗಸರ ಕಡೆ ಒಂದು ಸಲ ಹೋಗಿ ನೋಡಬಹುದಿತ್ತಲ್ಲ ಎಂದು ನಾನು ಆಮೇಲೆ ಕೇಳಿದ್ದೇನೆ. ಒಂದು ಸಲವಲ್ಲ. ಲೆಕ್ಕ ಸರಿ ಇದ್ದಾಗ ಹುಡುಕಿಕೊಂಡು ಹೋದರೆ ಯಜಮಾನರನ್ನೂ ಅಮ್ಮನನ್ನೂ ನಂಬದ ಹಾಗಾಗುತ್ತಿತ್ತು ಎಂದರು. ನಿಜವಾದ ಕಾರಣ ಬೇರೆ ಎಂದು ನನಗನ್ನಿಸುತ್ತದೆ. ಹೋಗಿ ನೋಡಿ, ನಾನು ಅಲ್ಲಿ ಇಲ್ಲದಿದ್ದರೆ, ಎಲ್ಲರೆದುರು ಅಗುಳಿ ತೆಗೆಯಬೇಕಾದವರು ಅವರೇ. ಆ ಮನುಷ್ಯನಿಗೆ ಹೆಂಡತಿಗಿಂತ ಊರಿನ ಭಯ ದೊಡ್ಡದು. ಇದನ್ನು ಅವರೆದುರೇ ಹೇಳಿದ್ದೇನೆ, ಆದ್ದರಿಂದ ಇಲ್ಲಿ ಬರೆಯಲು ಅಂಜಿಕೆಯಿಲ್ಲ.

ಪಂಪನ್ನು ಸಂದಿಯ ಕೆಳಗೆ ತೂರಿಸಿದೆ. ಕೈ ಹೋದಷ್ಟು ದೂರ ತಳ್ಳಿದೆ. ನನ್ನ ಬೆರಳುಗಳು ಒಳಗೆ ಕಂಡದ್ದೇ ಹೆಂಗಸರು ಕಿಟಾರನೆ ಕಿರುಚಿದರು. ಕೈ ಎಳೆದುಕೊಂಡೆ. ಪಂಪು ಒಳಗೆ ನೆಲದ ಮೇಲಿತ್ತು, ನೀಲಿಯಾಗಿ, ಎಲ್ಲರ ಕಣ್ಣೆದುರು. ಯಾರಾದರೂ ಬಗ್ಗಿ ಎತ್ತಿಕೊಂಡರೆ ಸಾಕಾಗಿತ್ತು. ಒಂದು ಕೋಲು ಬಂತು. ಕೋಲಿನ ತುದಿ ಪಂಪನ್ನು ಹುಷಾರಾಗಿ, ಹಾವನ್ನು ತಳ್ಳುವ ಹಾಗೆ, ಹೊರಗೆ ತಳ್ಳಿತು. ಅದು ಉರುಳಿ ಬಂದು ನನ್ನ ಮೊಣಕೈಗೆ ತಾಗಿ ನಿಂತಿತು.

ಆಗ ಮಗಳ ದನಿ ಕೇಳಿಸಿತು. "ಅಮ್ಮ ಕಣಜ್ಜಿ ಅದು. ಅಮ್ಮ ಪಂಪ್ ತರಕ್ಕೆ ಹೋಗಿದ್ಳು." ಮಾತಿನ ನಡುವೆ ಸಿಳ್ಳೆ ಶುರುವಾಗಿತ್ತು. ಇಡೀ ಊರಿನಲ್ಲಿ ನಿಜ ಗೊತ್ತಿದ್ದದ್ದು ಆ ಮಗುವಿಗೆ ಮಾತ್ರ. "ಚಿನ್ನಾ, ಇಲ್ಲೇ ಇದೀನಿ! ಅಜ್ಜಿಗೆ ಹೇಳು, ಬಾಗಿಲ ಹತ್ರ ಬಾ!" ಎಂದು ಕಿರುಚಿದೆ. ಪುಟ್ಟ ಕಾಲು ಓಡಿ ಬರುವುದು ಕಂಡಿತು. ಅರ್ಧ ದಾರಿಗೆ ಯಾರೋ ಎತ್ತಿಕೊಂಡರು, ಕಾಲು ನೆಲ ಬಿಟ್ಟು ಮೇಲೆ ಹೋಯಿತು.

"ಅಂಗನ್ಬಾರ್ದು ಕಣವ್ವ," ಅತ್ತೆಯ ದನಿ ನಡುಗುತ್ತಿತ್ತು. "ಅದು ನಿಮ್ಮವ್ವ ಅಲ್ಲ. ನಿಮ್ಮವ್ವನ್ ಥರಾನೇ ಕೂಗ್ತೈತೆ. ಕಿವಿ ಮುಚ್ಕೊ ನನ್ ತಾಯಿ, ಓ ಅನ್ಬ್ಯಾಡ."

ಅತ್ತೆ ಕೆಟ್ಟವರಲ್ಲ. ಆ ಮಗುವಿಗೋಸ್ಕರ ಪ್ರಾಣ ಕೊಡುವವರು. ಅದಕ್ಕೇ ಹಾಗೆ ಮಾಡಿದರು. ಬಾಗಿಲ ಆಚೆ ಇರುವುದು ಮಗುವನ್ನು ಒಯ್ಯಲು ಬಂದ ಮಾರಿ ಎಂದು ನಂಬಿದ ಅಜ್ಜಿ ಇನ್ನೇನು ಮಾಡಬೇಕಿತ್ತು? ಇದನ್ನು ನಾನು ಇವತ್ತು ಬರೆಯಬಲ್ಲೆ. ಆಗ ಮಾತ್ರ ಬಾಯಿಗೆ ಬಂದ ಹಾಗೆ ಬೈದೆ. ನನ್ನ ಬಾಯಲ್ಲಿ ಅಂಥ ಮಾತು ಯಾರೂ ಕೇಳಿರಲಿಲ್ಲವಾದ್ದರಿಂದ ಒಳಗಿನವರ ನಂಬಿಕೆ ಇನ್ನೂ ಗಟ್ಟಿಯಾಯಿತು. ಯಜಮಾನರು ಏನೋ ಹೇಳಿದರು, ಜಾಗಟೆ ಬಾರಿಸತೊಡಗಿದರು. ಜೊತೆಗೆ ಶಂಖ. ನನ್ನ ದನಿ ನನಗೇ ಕೇಳಿಸದಂತಾಯಿತು.

ಗೋಡೆ ಸುತ್ತಿ ಬಂದೆ. ಕುಸಿದ ಜಾಗದಲ್ಲಿ ಮುಳ್ಳು ಆಳೆತ್ತರ ತುಂಬಿತ್ತು. ಎಳೆದು ನೋಡಿದೆ, ಅಂಗೈ ಹರಿದು ರಕ್ತ ಬಂತು, ಒಂದು ಕೊಂಬೆಯೂ ಜಗ್ಗಲಿಲ್ಲ. ನನ್ನ ಗಂಡ ಕೆಲಸ ಮಾಡಿಸಿದರೆ ಅಚ್ಚುಕಟ್ಟು. ಅದರಾಚೆ ಬರೀ ಬಂಡೆ, ಕಾಲಿಡಲು ಜಾಗವಿಲ್ಲ. ಬಸ್ಸಿನ ರಸ್ತೆಗೆ ಓಡಿ ಯಾರನ್ನಾದರೂ ಕರೆತರಲೇ ಎಂದುಕೊಂಡೆ. ಹೋಗಿ ಬರುವಷ್ಟರಲ್ಲಿ ಬಾಗಿಲು ತೆರೆದರೆ? ಅಷ್ಟು ಹೊತ್ತು ಪಂಪು ನನ್ನ ಜೊತೆ ರಸ್ತೆಯಲ್ಲಿದ್ದರೆ? ನನ್ನ ಫೋನು ಪೂಜಾರರ ಚೀಲದಲ್ಲಿತ್ತು. ಹೋಗುವ ಧೈರ್ಯವಾಗಲಿಲ್ಲ. ಮತ್ತೆ ಬಾಗಿಲಿಗೆ ಬಂದು ಸಂದಿಯ ಹತ್ತಿರ ಮಲಗಿದೆ.

ಬಿಸಿಲು ಬಾಗಿಲ ತಗಡಿನಿಂದ ಮುಖಕ್ಕೆ ಹೊಡೆಯುತ್ತಿತ್ತು. ಜಾಗಟೆ ನಿಂತಾಗಲೆಲ್ಲ ನಾನು ಕೂಗುತ್ತಿದ್ದೆ, ಕೂಗಿದಾಗಲೆಲ್ಲ ಜಾಗಟೆ ಬಾರಿಸುತ್ತಿದ್ದರು. ಆಮೇಲೆ ನನಗೆ ಬೇರೆ ಭಯ ಹತ್ತಿತು. ನಾನು ಕೂಗಿದಷ್ಟೂ ಅವರು ಲೋಬಾನ ಹೆಚ್ಚಿಗೆ ಸುರಿಯುತ್ತಿದ್ದರು. ಸಂದಿಯಿಂದ ಹೊಗೆ ಹೊರಗೆ ಬರುತ್ತಿತ್ತು. ನನ್ನ ದನಿಗೆ ಹೆದರಿ ಅವರು ಹಾಕುವ ಹೊಗೆಯೇ ನನ್ನ ಮಗಳ ಎದೆಗೆ ಹೋಗುತ್ತಿತ್ತು. ಇದು ಹೊಳೆದ ಮೇಲೆ ಬಾಯಿಗೆ ಸೆರಗು ತುರುಕಿಕೊಂಡು ಸುಮ್ಮನಾದೆ. ಸುಮ್ಮನಾಗುವುದಕ್ಕಿಂತ ಕಷ್ಟದ ಕೆಲಸವನ್ನು ನಾನು ಮಾಡಿಲ್ಲ.

ಸುಮ್ಮನಿದ್ದಾಗ ಅವಳ ಉಸಿರು ಕೇಳಿಸುತ್ತಿತ್ತು. ಅಥವಾ ಕೇಳಿಸುತ್ತಿದೆ ಎಂದು ಭ್ರಮೆಯಾಗುತ್ತಿತ್ತು. ಒಮ್ಮೆ, "ಅಮ್ಮ ಎಲ್ಲಿ?" ಎಂದಳು. "ಒಳ್ಗೇ ಅವ್ಳೆ, ಬತ್ತಾಳೆ, ಮನಿಕ್ಕೊ" ಎಂದರು ಅತ್ತೆ. ಇನ್ನೊಮ್ಮೆ, ಬಹಳ ಹೊತ್ತಿನ ಮೇಲೆ, "ಅದು ಹೋಯ್ತಾ ಅಜ್ಜಿ?" ಎಂದಳು. ಅಮ್ಮ ಹೋದಳಾ ಎನ್ನಲಿಲ್ಲ. ಅದು ಎಂದಳು.

ಹೊತ್ತು ಮುಳುಗಿತು. ಗುಡಿಯಲ್ಲಿ ಗಂಟೆಯಾಯಿತು, ಅಗುಳಿ ಸರಿಯಿತು. ಬಾಗಿಲು ತೆರೆದಾಗ ಮುಂದೆ ನಿಂತಿದ್ದವರು ನನ್ನ ಗಂಡ, ಕೈಯಲ್ಲಿ ಆರತಿ ತಟ್ಟೆ. ನನ್ನನ್ನು ನೋಡಿದ್ದೇ ತಟ್ಟೆ ಓರೆಯಾಯಿತು. ಅವರ ಹಿಂದಿದ್ದ ಜನ ಕುರಿಗಳ ಹಾಗೆ ಹಿಂದಕ್ಕೆ ಒತ್ತಿಕೊಂಡರು. ನನ್ನ ಮುಖ ಮಣ್ಣು, ಕೂದಲು ಮಣ್ಣು, ಕೈಯೆಲ್ಲ ರಕ್ತ.

"ನೀನು... ಒಳ್ಗಿದ್ಯಲ್ಲ. ಕಾಯಿ ಇಲ್ಲೇ ಐತಲ್ಲ," ಎಂದರು ಗಂಡ.

ಅವರಿಗೆ ಉತ್ತರ ಕೊಡಲು ಅಲ್ಲಿ ನಿಲ್ಲಲಿಲ್ಲ. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಯಾರೂ ನನ್ನನ್ನು ಮುಟ್ಟಲಿಲ್ಲ. ಗುಡಿಯ ಜಗಲಿಯ ಮೇಲೆ ಅತ್ತೆಯ ತೊಡೆಯಲ್ಲಿ ಮಗಳಿದ್ದಳು. ಮಲಗಲು ಆಗದೆ ಮುಂದಕ್ಕೆ ಬಾಗಿ ಕೂತಿದ್ದಳು. ಹೆಗಲು ಮೇಲೆ ಕೆಳಗೆ ಆಡುತ್ತಿತ್ತು, ತುಟಿಯ ಬಣ್ಣ ಕೆಟ್ಟಿತ್ತು. ಬದುಕಿದ್ದಳು. ದೇವರೇ, ಬದುಕಿದ್ದಾಳೆ ಎಂದು ಮೊಣಕಾಲೂರಿ, ಪಂಪು ಅಲ್ಲಾಡಿಸಿ, ಮುಚ್ಚಳ ತೆಗೆದು ಅವಳ ಬಾಯಿಗೆ ಹಿಡಿದೆ.

ಅವಳು ನನ್ನನ್ನು ನೋಡಿದಳು. ತುಟಿ ಬಿಗಿಯಾಗಿ ಮುಚ್ಚಿದಳು.

"ಬಾಯಿ ತೆಗಿ ಚಿನ್ನಾ. ಅಮ್ಮ ಅಲ್ವಾ."

ತಲೆ ಅಡ್ಡಡ್ಡ ಆಡಿಸಿದಳು. ಉಸಿರಿಲ್ಲದೆ ಎದೆ ಗುಳಿಬೀಳುತ್ತಿದ್ದರೂ ತುಟಿ ಬಿಡಲಿಲ್ಲ. ಅಜ್ಜಿಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ಮುಖ ಹುದುಗಿಸಿದಳು. ನಾನು ಹೆಗಲು ಹಿಡಿದು ತಿರುಗಿಸಲು ಹೋದೆ. ಅವಳು ಕಿರುಚಿದಳು, ಸದ್ದು ಬರಲಿಲ್ಲ, ಬರೀ ಸಿಳ್ಳೆ ಬಂತು.

ಅತ್ತೆ ಅಳತೊಡಗಿದ್ದರು. "ನಿಮ್ಮವ್ವನೇ ಕಣವ್ವ ಇದು. ನಿಮ್ಮವ್ವನೇ. ಬಾಯ್ ಬಿಡವ್ವ."

"ನೀನೇ," ಎಂದಳು ಮಗಳು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳಬೇಕಿತ್ತು. "ನೀನೇ... ಅಲ್ಲ... ಅಂದೆ."

ನಾನು ಪಂಪನ್ನು ಅತ್ತೆಯ ಕೈಗಿಟ್ಟೆ. ಅವರು ಅದನ್ನು ಬಾಯಿಯ ಹತ್ತಿರ ತಂದರು. ಮಗಳ ಕಣ್ಣು ನನ್ನ ಮೇಲೇ ಇತ್ತು. ನಾನು ಇರುವ ತನಕ ಆ ಬಾಯಿ ತೆರೆಯುವುದಿಲ್ಲ ಎಂದು ಗೊತ್ತಾಯಿತು. ಹಿಂದೆ ಸರಿದೆ. ಕಂಬದ ಹಿಂದೆ ನಿಂತೆ. ಅವಳು ಕತ್ತು ಚಾಚಿ ಕಂಬದ ಕಡೆ ನೋಡುತ್ತಿದ್ದಳು. ನಾನು ಜನರ ನಡುವೆ ಹಾದು, ಕಾಯಿಗಳ ಗುಡ್ಡೆ ದಾಟಿ, ಬಾಗಿಲಿನ ಹೊರಗೆ ಹೋಗಿ ಗೋಡೆಗೆ ಒರಗಿ ನಿಂತೆ. ಅಲ್ಲಿಂದ ನಾನು ಅವಳಿಗೆ ಕಾಣುತ್ತಿರಲಿಲ್ಲ, ಅವಳು ನನಗೆ ಕಾಣುತ್ತಿರಲಿಲ್ಲ.

ಅತ್ತೆಗೆ ಪಂಪು ಒತ್ತಿ ಗೊತ್ತಿರಲಿಲ್ಲ. "ಹೆಂಗವ್ವ ಇದು?" ಎಂದು ಒಳಗಿಂದ ಕೂಗಿದ್ದು ಕೇಳಿಸಿತು. ಮಗುವಿಗೆ ಅದು ನನ್ನ ದನಿ ಎಂದು ಗೊತ್ತಾಗಬಾರದೆಂದು ನಾನು ಸ್ವರ ದಪ್ಪ ಮಾಡಿಕೊಂಡು, ಯಾರೋ ಬೇರೆಯವಳ ಹಾಗೆ ಹೇಳಿದೆ. "ಚೆನ್ನಾಗಿ ಅಲ್ಲಾಡಿಸಿ. ಹಲ್ಲಿನ ನಡುವೆ ಇಡಿ. ಅವಳು ಉಸಿರು ಒಳಗೆ ಎಳ್ಕೊಳ್ವಾಗ ಮೇಲಿಂದ ಒತ್ತಿ."

ಫುಸ್ ಎಂದಿತು. ಆಮೇಲೆ ಒಂದು ಉದ್ದ ಉಸಿರು.

"ಇನ್ನೊಂದು ಸಲ," ಎಂದೆ ಹೊರಗಿನಿಂದ.

ಒತ್ತಿದರು. ಬಾಗಿಲು ತೆರೆದೇ ಇತ್ತು. ಅವಳ ಉಸಿರು ಸರಿಯಾಗುವ ತನಕ ನಾನು ಒಳಗೆ ಹೋಗಲಿಲ್ಲ.